ಚುಚ್ಚದ ಮುಳ್ಳನ್ನು ನೆನೆಯುವವರಾರು?

ಹೊಳೆಯ ಆಚೆ ದಡ ಇನ್ನೂ ಮಬ್ಬಾಗಿದೆ. ಹರಿಹರದಿಂದ ಕುಕ್ಕುವಾಡದ ಕಡೆಗೆ ಹೊರಟ ಕಾಲುದಾರಿ ತುಂಗಭದ್ರೆಯ ದಂಡೆ ಬಿಟ್ಟು ಕುರುಚಲು ಕಾಡಿಗೆ ಹೊರಳುವ ಕಡೆ ಹೆಂಗಸೊಬ್ಬರು ಬಗ್ಗಿ ನಿಂತಿದ್ದಾರೆ. ಒಂದು ಕೈಯಲ್ಲಿ ಕವೆಗೋಲು, ಇನ್ನೊಂದರಲ್ಲಿ ಕುಡುಗೋಲು. ಅಡ್ಡ ಬಿದ್ದ ಜಾಲಿ ಕೊಂಬೆಯನ್ನು ಕವೆಗೋಲಿನಿಂದ ಎತ್ತಿ ಬದಿಗೆ ಎಸೆಯುತ್ತಾರೆ. ಆಮೇಲೆ ಬರಿಗೈಯಿಂದ ಮಣ್ಣು ಸವರಿ, ಉಳಿದ ಮುಳ್ಳುಗಳನ್ನು ಆರಿಸಿ ಹರಕು ಬುಟ್ಟಿಗೆ ಹಾಕುತ್ತಾರೆ.

ಇವರು ಉಚ್ಚೆಂಗೆಮ್ಮ. ಮದುವೆಯಾಗಿ ಬಂದ ವರ್ಷ ಅತ್ತೆಯ ಹಿಂದೆ ಈ ಕೆಲಸಕ್ಕೆ ಇಳಿದವರು. ಅತ್ತೆ ಹೋದರು, ಗಂಡನೂ ಹೋದ. ಈಗ ಒಬ್ಬರೇ. ಬೇಸಿಗೆಯಲ್ಲಿ ಕುರಿಯವರು ಕಾಯಿಗಾಗಿ ಜಾಲಿಯನ್ನು ಕಡಿದು ದಾರಿಯಲ್ಲೇ ಬಿಟ್ಟು ಹೋಗುತ್ತಾರೆ. ಮಳೆಗಾಲದಲ್ಲಿ ಕಾರೆ, ತುಗ್ಗಲಿಯಂಥ ಮುಳ್ಳುಗಿಡಗಳು ಎರಡೂ ಬದಿಯಿಂದ ನುಗ್ಗಿ ಬರುತ್ತವೆ. ಹೊಳೆ ಉಕ್ಕಿ ದಂಡೆ ಕುಸಿದರೆ ಉಚ್ಚೆಂಗೆಮ್ಮನೇ ಓಡಾಡಿ ಹೊಸ ದಾರಿ ತುಳಿಯುತ್ತಾರೆ. ಇದಕ್ಕೆಲ್ಲ ದಾರಿಯ ಹಳ್ಳಿಗಳವರು ಸುಗ್ಗಿಯಲ್ಲಿ ಕಣದಿಂದ ಜೋಳ ಅಳೆದು ಕೊಡುವುದುಂಟು, ನೆನಪಾದರೆ. ದಾವಣಗೆರೆಯ ರಸ್ತೆಗೆ ಬಸ್ಸು ಬಂದಿದೆ. ಒಳಹಳ್ಳಿಗಳವರಿಗೆ ಮಾತ್ರ ಇವತ್ತಿಗೂ ಈ ದಾರಿಯೇ.

ಇವರ ಕೆಲಸ ನೋಡಲೆಂದು ನಾನೂ ಜೊತೆಗೆ ನಡೆದಿದ್ದೇನೆ; ಬಿಸಿಲೇರುವ ಹೊತ್ತಿಗೆ ಸೊಟ್ಟ ಮುತ್ತುಗದ ಮರವೊಂದರ ಬಳಿ ಬರುತ್ತೇವೆ. ಉಚ್ಚೆಂಗೆಮ್ಮ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಬಿಡುತ್ತಾರೆ.

“ಇಲ್ಲಿಂದ ಆ ಹುಣಸೆ ಮರದ ತನಕ ನಾನು ಮುಟ್ಟಲ್ಲರಿ. ಯುಗಾದಿ ಆದಾಗಿಂದ ಮುಟ್ಟಿಲ್ಲ.”

ಯಾಕೆಂದು ಕೇಳುತ್ತೇನೆ. ದೂರದ ಹುಣಸೆ ಮರದ ಕಡೆ ಗದ್ದ ಎತ್ತಿ ತೋರಿಸುತ್ತಾರೆ. ಅದರ ನೆರಳಲ್ಲಿ ಪಾತ್ರೆಗೆ ಕಲಾಯಿ ಹಾಕುವ ನಬೀ ಸಾಬರ ಹೆಂಡತಿ ಬಿಲ್ಕೀಸ್ ಎರಡು ಮಣ್ಣಿನ ಗಡಿಗೆ ಇಟ್ಟುಕೊಂಡು ದಾರಿಹೋಕರಿಗೆ ನೀರು ಕೊಡುತ್ತಾರೆ.

“ಆಕಿ ಒಂದು ಚೊಂಬು ನೀರು ಕೊಟ್ರೆ ‘ನಿನ್ನ ಹೊಟ್ಟಿ ತಣ್ಣಗಿರ್ಲಿ ತಾಯಿ’ ಅಂತಾರೆ. ಈಗ ಈ ದಾರಿಗೇ ಬಿಲ್ಕೀಸ್ ದಾರಿ ಅಂತ ಹೆಸರಿಟ್ಟಾರೆ! ಆಕಿ ಕುಂತಲ್ಲಿಂದ ಎದ್ದಿಲ್ಲ, ಹೆಸರು ಮಾತ್ರ ಹೊಳೀತನಕ ನಡಕೊಂಡು ಬಂದೈತೆ.”

“ನಿಮ್ಮನ್ನು ಯಾರೂ ಹರಸುವುದಿಲ್ಲವೇ?”

“ಯಾತಕ್ಕ ಹರಸ್ತಾರೆ? ಮುಳ್ಳು ತುಳಿದವ ಅಯ್ಯೋ ಅಂತಾನೆ. ತುಳೀದೇ ಇದ್ದವ ಸುಮ್ಮನೆ ಹೋಗ್ತಾನೆ. ಅದಕ್ಕ ಬಿಟ್ಟೀನಿ. ಚುಚ್ಚಲಿ. ‘ಉಚ್ಚೆಂಗೆಮ್ಮ ಎಲ್ಲಿ’ ಅಂತ ಒಬ್ರಾದ್ರೂ ಕೇಳ್ಲಿ.”



ಸವರದ ಆ ತುಂಡನ್ನು ಹೆಜ್ಜೆ ನೋಡಿ ನೋಡಿ ದಾಟುತ್ತೇವೆ. ಮರದ ಕೆಳಗೆ ಹುಣಸೆಹಣ್ಣಿನ ಮೂಟೆ ಇಳಿಸಿದ ಕರಿಬಸವರಾಜ ಎಂಬ ರೈತ ಕಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದಾನೆ. ಬಿಲ್ಕೀಸ್ ಚಿಮುಟದಿಂದ ಅವನ ಅಂಗಾಲಿನ ಮುಳ್ಳು ಕೀಳುತ್ತಿದ್ದಾರೆ. ಕುಂಟುತ್ತ ಬರುವವರು ಹೆಚ್ಚಾದರೆಂದು ನಬೀ ಸಾಬರೇ ಮಾಡಿಕೊಟ್ಟ ಚಿಮುಟವಂತೆ.

“ನಿನ್ನ ಕೈ ಹೂವು ಕಣಮ್ಮಾ,” ಎನ್ನುತ್ತಾನೆ ಕರಿಬಸವರಾಜ. “ಮೊದಲು ನೀರಷ್ಟೇ ಇತ್ತು, ಈಗ ವೈದ್ಯಾನೂ ಆತು. ದೇವರು ನಿನ್ನ ಚಲೋ ಇಡ್ಲಿ.”

ಉಚ್ಚೆಂಗೆಮ್ಮನ ಮುಖ ಕೆಂಪಾಗುತ್ತದೆ.

“ಬಾ ಅಕ್ಕಾ, ಕುಂದ್ರು,” ಬಿಲ್ಕೀಸ್ ಜರುಗಿ ಜಾಗ ಮಾಡುತ್ತಾರೆ. “ಮೈಯಾಗ ಹುಷಾರಿಲ್ಲೇನು? ಹಬ್ಬ ಆದಾಗಿಂದ ಈ ಕಡೆ ನಿನ್ನ ಕುಡುಗೋಲಿನ ಸದ್ದೇ ಇಲ್ಲ.”

ಕರಿಬಸವರಾಜ ತಲೆ ಎತ್ತುತ್ತಾನೆ. “ಈ ದಾರೀನ ಯಾರಾದ್ರೂ ಸವರ್ತಾರೇನು? ನಾನು ತಾನಾಗೇ ಹಿಂಗೈತೆ ಅನ್ಕೊಂಡಿದ್ದೆ!”

“ತಾನಾಗೇ ಇರಾಕ ಇದೇನು ಆಕಾಶನಾ ಅಣ್ಣಾ?” ಎನ್ನುತ್ತ ಬಿಲ್ಕೀಸ್ ಚೊಂಬು ತುಂಬಿ ಚಾಚುತ್ತಾರೆ. “ಕುಡಿ ಅಕ್ಕಾ.”

“ನನಗೇನು ನೀರಡಿಕಿಲ್ಲ. ಬ್ಯಾಡ.”

ಅವರ ತುಟಿ ಒಣಗಿದೆ. ಆದರೂ ಚೊಂಬಿನ ಕಡೆ ನೋಡದೆ ತಿರುಗಿ ಮುತ್ತುಗದ ಮರದತ್ತ ಹೊರಡುತ್ತಾರೆ. ಅಲ್ಲಿ ಕುಡುಗೋಲು ಹಿರಿದು, ಬಿಟ್ಟ ಜಾಗದಿಂದಲೇ ಸವರಲು ಶುರು ಮಾಡುತ್ತಾರೆ. ಕೊಂಬೆಗಳು ಬದಿಗೆ ಹಾರುತ್ತವೆ. ಮಣ್ಣನ್ನು ಎರಡೆರಡು ಸಲ ಸವರಿ ನೋಡುತ್ತಾರೆ.

“ಸಿಟ್ಟು ಇಳಿಯಿತೇ?” ಎಂದು ಕೇಳುತ್ತೇನೆ.

“ಎಲ್ಲಿ ಇಳೀತೈತೆ ಸ್ವಾಮೇರ! ಹೊಟ್ಟಿ ಉರೀತಾನೇ ಐತೆ. ನಾನು ಮುಳ್ಳು ಬಿಟ್ಟಷ್ಟೂ ಪುಣ್ಯ ಆಕಿಗೇ ಜಮಾ ಆಗಾಕ ಹತ್ತೈತಲ್ರಿ. ನನ್ನ ಮುಳ್ಳು, ಆಕಿ ಪುಣ್ಯ!”

ಬಿಸಿಲು ನೆತ್ತಿಗೇರುವ ಹೊತ್ತಿಗೆ ಹುಣಸೆ ಮರದ ತನಕ ದಾರಿ ಬೆಳ್ಳಗೆ ಕಾಣುತ್ತದೆ. ಮಜ್ಜಿಗೆ ಗಡಿಗೆ ಹೊತ್ತ ಇಬ್ಬರು ಹೆಂಗಸರು ಯಾರದೋ ಸೊಸೆಯ ಸುದ್ದಿ ಮಾತಾಡುತ್ತ ನಮ್ಮನ್ನು ದಾಟಿ ಹೋಗುತ್ತಾರೆ. ಒಮ್ಮೆಯೂ ನೆಲದ ಕಡೆ ನೋಡುವುದಿಲ್ಲ. ಉಚ್ಚೆಂಗೆಮ್ಮ ಅವರ ಬರಿಗಾಲುಗಳನ್ನೇ ನೋಡುತ್ತ ನಿಲ್ಲುತ್ತಾರೆ. ಹೆಂಗಸರು ಕುಂಟದೆ ಮರ ಮುಟ್ಟುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎನ್ನುತ್ತೇನೆ. ಹಣೆಯ ಬೆವರು ಒರೆಸಿಕೊಂಡು, ಮೊದಲ ಬಾರಿಗೆ ನಗುತ್ತಾರೆ.

“ಒಂದೇ ಒಂದು ಐತೆ ನೋಡ್ರಿ. ಆಕಿ ಚಿಮುಟ ತುಕ್ಕು ಹಿಡೀಬೇಕು.”