ಕಾಲಲ್ಲಿ ಕೇಳುವುದು

ನಮ್ಮ ಮೇಷ್ಟ್ರ ಎಡಗೈ ತೋರುಬೆರಳಿಗೆ ಸದಾ ಎರಡು ಉಣ್ಣೆ ಎಳೆ ಸುತ್ತಿರುತ್ತಿದ್ದವು, ಒಂದು ಕರಿ, ಒಂದು ಬಿಳಿ. ಪಶುವೈದ್ಯ ಕಾಲೇಜಿನಲ್ಲಿ ಅವರು ಅಂಗರಚನೆ ಕಲಿಸುತ್ತಿದ್ದರು. ನಾಯಿಯ ಮಿದುಳುಕಾಂಡದ ಪಾಠಕ್ಕೆ ಚಾರ್ಟ್ ಬಿಚ್ಚಿದವರಲ್ಲ. ತೆಂಗಿನ ಚಿಪ್ಪಿನ ಎರಡು ಬದಿಗೂ ತೂತು ಕೊರೆದು, ಎಳೆಗಳನ್ನು ತೂರಿಸಿ, ಒಳಗೆ ಒಂದೊಂದನ್ನೂ ಸೀಳಿ ಅರ್ಧವನ್ನು ಆಚೆ ಬದಿಗೆ ದಾಟಿಸುತ್ತಿದ್ದರು.

"ನೋಡ್ರಿ, ಒಂದು ಕಿವಿಗೆ ಬಿದ್ದಿದ್ದು ಎರಡೂ ಕಡೆಯಿಂದ ಮೇಲಕ್ಕೆ ಹೋಗ್ತೈತೆ. ಒಂದು ದಾರಿ ಕೆಟ್ರೆ ಇನ್ನೊಂದು ಐತೆ. ಬಾಗಿಲಲ್ಲೇ ಕೆಟ್ರೆ ಮಾತ್ರ ಏನೂ ಮಾಡಂಗಿಲ್ಲ." ಬಾಗಿಲೆಂದರೆ ಒಳಗಿವಿ.

ಮದುವೆಯಾದವರಲ್ಲ. ನಿವೃತ್ತರಾದ ಮೇಲೆ ಹಿರಿಯೂರಿನ ಹಳೆಯ ಮನೆಯೊಂದರ ಮಹಡಿಯಲ್ಲಿ, ಮರದ ಹಲಗೆಯ ನೆಲದ ಕೋಣೆ ಹಿಡಿದರು. ನನಗೆ ಧರ್ಮಪುರದ ಪಶು ಆಸ್ಪತ್ರೆಗೆ ವರ್ಗವಾಗಿತ್ತು. ಅಲ್ಲಿ ನನ್ನವರೆನ್ನುವವರು ಒಬ್ಬರೂ ಇರಲಿಲ್ಲ. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಮೇಷ್ಟ್ರಲ್ಲಿಗೆ ಓಡುತ್ತಿದ್ದೆ.

ಒಮ್ಮೆ ಕುರಿಗಾಹಿಯೊಬ್ಬ ಬಿಳಿ ನಾಯಿಯೊಂದನ್ನು ಆಸ್ಪತ್ರೆಗೆ ಎಳೆದು ತಂದ. ತೋಳ ಎರಡು ಮರಿ ಹೊತ್ತೊಯ್ದರೂ ಅದು ಬೊಗಳಿರಲಿಲ್ಲವಂತೆ. "ಕಿವಿ ಕೇಳ್ತೈತೋ ಇಲ್ವೋ ನೋಡ್ರಿ. ಕೇಳಿಯೂ ಸುಮ್ಕಿತ್ತು ಅಂದ್ರೆ ಓಡಿಸ್ಬಿಡ್ತೀನಿ." ಅವನ ಕೋಲನ್ನೇ ತೆಗೆದುಕೊಂಡು ನಾಯಿಯ ಹಿಂದೆ ನೆಲಕ್ಕೆ ಕುಟ್ಟಿದೆ. ಹಟ್ಟಿಯವರೆಲ್ಲ ನಾಯಿಯ ಕಿವಿ ನೋಡುವುದು ಹಾಗೆಯೇ. ತಟ್ಟನೆ ತಿರುಗಿತು. "ಕಿವಿ ಚೆನ್ನಾಗಿದೆ" ಎಂದು ಕಳಿಸಿಬಿಟ್ಟೆ.

ಭಾನುವಾರ ಇದನ್ನು ಹೇಳುತ್ತಿದ್ದಂತೆ ಮೇಷ್ಟ್ರು ಚಹಾ ಲೋಟ ಕೆಳಗಿಟ್ಟರು.

"ಎಲ್ಲಿಗೆ ಕುಟ್ಟಿದೆ?"

"ನೆಲಕ್ಕೆ, ಸಾರ್."

"ಏನಮ್ಮ ಡಾಕ್ಟ್ರಮ್ಮ, ನಾನು ಕಲಿಸಿದ್ದು ಕಿವೀನೋ, ಕಾಲೋ? ಏಳು, ಹೋಗಾಣ."

ಶೇಂಗಾ ಕಿತ್ತ ಹೊಲದಲ್ಲಿ ಮಂದೆ ಮೇಯುತ್ತಿತ್ತು. ಓಡಿಸಿದ ನಾಯಿ ದೂರದ ಜಾಲಿಮರದಡಿ ಒಂಟಿಯಾಗಿ ಮಲಗಿ ಮಂದೆಯನ್ನೇ ನೋಡುತ್ತಿತ್ತು. ಮೈಮೇಲೆ ಕಲ್ಲೇಟಿನ ಗಾಯ. ಮೇಷ್ಟ್ರು ಮುದ್ದೆಯ ತುಂಡು ತೋರಿಸಿ ಅದನ್ನು ಕರೆತಂದು, ನಾಲ್ಕು ಮಡಿಕೆ ಮಾಡಿದ ಕಂಬಳಿಯ ಮೇಲೆ ನಿಲ್ಲಿಸಿದರು. ಅದು ಮುದ್ದೆ ತಿನ್ನುವಾಗ ಹಿಂದಿನಿಂದ ಕುರಿಯ ಗಂಟೆ ಬಾರಿಸಿದರು. ಕಿವಿ ಅಲುಗಲಿಲ್ಲ. ಮೂರು ಸಲ ಬಾರಿಸಿದರೂ ಅಲುಗಲಿಲ್ಲ.

"ಹುಟ್ಟಿದಾಗಿಂದ್ಲೇ ಇದಕ್ಕೆ ಕಿವಿ ಕೇಳಲ್ಲಪ್ಪ. ನೆಲ ಅದುರಿದ್ರೆ ಕಾಲಿಗೆ ಗೊತ್ತಾಗ್ತೈತೆ, ಅಷ್ಟೇ. ತೋಳ ಮೆತ್ತಗೆ ಬರ್ತೈತೆ."

"ಅಯ್ಯೋ, ಸುಮ್ಸುಮ್ನೆ ಹೊಡ್ದೆನಲ್ರಿ" ಎಂದ ಕುರಿಗಾಹಿ ನೆಲಕ್ಕೆ ಕುಳಿತು ನಾಯಿಯ ತಲೆಯನ್ನು ತೊಡೆಗೆ ಎಳೆದುಕೊಂಡ. ಅದನ್ನು ಓಡಿಸಿದ್ದು ನನ್ನ ಮಾತು. ನನಗೆ ತಲೆ ಎತ್ತಲಾಗಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಮೇಷ್ಟ್ರು ಬೈಯಲಿಲ್ಲ. "ಹಿಂಗೇ ಬಂದು ಹೇಳ್ತಾ ಇರಮ್ಮ. ನೀನು ಬರದೇ ಇದ್ರೆ ನನಗೆ ಯಾರು ಹೇಳ್ತಾರೆ" ಎಂದರು.

ಕೆಲವು ವರ್ಷಗಳಲ್ಲಿ ಅವರ ಕಿವಿಯೇ ಹೋಯಿತು. "ದಾರಿ ಎಲ್ಲಾ ಸರಿ ಐತೆ, ಬಾಗಿಲು ಹಾಕ್ಕಂಡೈತೆ" ಎಂದು ನಕ್ಕರು. ಚಹಾ ಅಂಗಡಿಗೆ ಹೋಗುವುದನ್ನು ಬಿಟ್ಟರು. ಫೋನಂತೂ ಉಪಯೋಗಕ್ಕಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಕುಳಿತಿರುತ್ತಿದ್ದರು. ನಾನು ಹೊಸ್ತಿಲು ದಾಟಿ ಹಲಗೆಯ ಮೇಲೆ ಎರಡು ಸಲ ಕಾಲು ಕುಟ್ಟಿದರೆ ತಿರುಗಿ, "ಬಂದ್ಯೇನಮ್ಮ" ಎನ್ನುತ್ತಿದ್ದರು.

ಆಮೇಲೆ ನನಗೆ ಹೊಸದುರ್ಗದ ಕಡೆ ಶ್ರೀರಾಂಪುರಕ್ಕೆ ವರ್ಗವಾಯಿತು. ವಾರಕ್ಕೊಮ್ಮೆ ಹೋಗುತ್ತಿದ್ದವಳು ತಿಂಗಳಿಗೊಮ್ಮೆ ಹೋಗತೊಡಗಿದೆ. ಕೊನೆಗೆ ಎರಡು ತಿಂಗಳು ಹೋಗಲೇ ಇಲ್ಲ. ಕೆಲಸವಿತ್ತು ಎಂದರೆ ಸುಳ್ಳು. ಕೂಗಿ ಕೂಗಿ ಮಾತಾಡುವುದು ಬೇಸರವಾಗಿತ್ತು.

ಹೋದಾಗ ಕೋಣೆ ಖಾಲಿಯಿತ್ತು. ಅವರು ತೀರಿಕೊಂಡು ಒಂಬತ್ತು ದಿನವಾಗಿತ್ತು. ಯಾರಿಗೆ ತಿಳಿಸಬೇಕೆಂದು ಮನೆಯೊಡತಿಗೂ ಗೊತ್ತಿರಲಿಲ್ಲ. ಸುತ್ತಿ ಗೋಡೆಗೆ ಒರಗಿಸಿದ್ದ ಚಾಪೆಯನ್ನು ಆಕೆ ತೋರಿಸಿದರು.

"ಚಳೀಲೂ ಬರಿಗಾಲು ಹಲಗೆ ಮೇಲೆ ಇಟ್ಕಂಡು ಕುಂತಿರೋರು. ಚಾಪೆ ಹಾಕಕ್ಕೆ ಹೋದ್ರೆ ಬ್ಯಾಡ ಅನ್ನೋರು. ಹಾಕಿದ್ರೆ ನಮ್ಮ ಡಾಕ್ಟ್ರಮ್ಮ ಬಂದಿದ್ದು ಗೊತ್ತಾಗಲ್ಲ ಅಂತಿದ್ರು."