ನಾಟಕದ ಮೇಡಂಗೆ ಸಿಗದ ಕುರ್ಚಿ

ನಂಜನಗೂಡಿನ ನಮ್ಮ ಶಾಲೆಯಲ್ಲಿ ನಾಟಕ ಕಲಿಸುತ್ತಿದ್ದ ಮೇಡಂ ರಂಗಶಾಲೆಯಲ್ಲಿ ಓದಿದವರು. ತೊದಲುತ್ತಿದ್ದ ನನ್ನ ಬೆನ್ನಿಗೆ ಅಂಗೈ ಒತ್ತಿ, "ಮೊದ್ಲು ಉಸಿರು ತಕೊ, ಆಮೇಲೆ ಮಾತು" ಎನ್ನುತ್ತಿದ್ದರು. ದಿನಕ್ಕೆ ಹತ್ತು ಸಲವಾದರೂ ಬೇಸರಿಸಿದವರಲ್ಲ.

ಕಳೆದ ವರ್ಷ ತಿ. ನರಸೀಪುರದಲ್ಲಿ ರಂಗಶಾಲೆಯ ಪದವೀಧರರಿಗೆ ಸನ್ಮಾನವಿತ್ತು. ವೇದಿಕೆಯ ತುಂಬ ಧಾರಾವಾಹಿ ನಟರು. ಆಹ್ವಾನಪತ್ರ ಹಿಡಿದು ಬಂದ ಮೇಡಂ ಅವರನ್ನು ಸಂಘಟಕರೊಬ್ಬರು ಮೆಟ್ಟಿಲ ಬಳಿಯೇ ತಡೆದರು.

"ಟೀವೀಲಿ ಬಂದಿದ್ದೀರಾ ಮೇಡಂ?"

"ಇಲ್ಲಪ್ಪ, ಸ್ಕೂಲ್ ಮಕ್ಕಳಿಗೆ ನಾಟಕ ಕಲಿಸ್ತೀನಿ."

"ಅಂಗಾದ್ರೆ ಕೆಳಗ್ ಕೂತ್ಕೊಳಿ. ಮೇಲ್ಗಡೆ ಸಾಧನೆ ಮಾಡಿದೋರಿಗೆ ಮಾತ್ರ ಕಣ್ರೀ."

ಮೇಡಂ ಪತ್ರವನ್ನು ಅವರ ಜೇಬಿಗೆ ತುರುಕಿದರು. "ನನ್ನನ್ನ ಕರೆದೋರು ನೀವೇ. ಇಟ್ಕೊಳಿ ಇದನ್ನ," ಎಂದು ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು.

ಆ ಕಾರ್ಯಕ್ರಮದ ನಿರೂಪಕನಾಗಿದ್ದ ನಾನು ಮೈಕ್ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅವರಿಗಾಗಿ ಒಂದು ಮಾತೂ ಆಡಲಿಲ್ಲ. ಸಂಘಟಕರ ಮೇಲಿನ ಸಿಟ್ಟು ಆರಿದೆ, ನನ್ನ ಮೇಲಿನದು ಆರಿಲ್ಲ.