ಅಯ್ನೋರು ಬೇಡವೆಂದ ಮದ್ದಿನ ಚಿಪ್

ಕೋವಿಡ್ ಹಾವಳಿ ತಗ್ಗಿದ ಮರುವರ್ಷದ ಮಾತು. ಆಗ ನಾನು ಗದಗ-ಬೆಟಗೇರಿಯಲ್ಲಿ ವಸಡು ರೋಗದ ತಜ್ಞೆಯಾಗಿ ಸ್ವಂತ ಕ್ಲಿನಿಕ್ ನಡೆಸುತ್ತಿದ್ದೆ. ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಿಂದ ಗುರುಸಿದ್ಧಯ್ಯನವರು ಬಂದರು. ಊರ ಗುಡಿಯ ಪೂಜೆ ಅವರ ಮನೆತನದ್ದು. ಎಲ್ಲರಿಗೂ ಅವರು ‘ಅಯ್ನೋರು’. ಕೆಳಗಿನ ಎರಡು ಮುಂದಿನ ಹಲ್ಲುಗಳು ನಾಲಿಗೆ ತಗುಲಿದರೂ ಅಲುಗಾಡುತ್ತಿದ್ದವು. ಬೇರೆ ಡಾಕ್ಟರು ಅವನ್ನು ಕೀಳಿಸಲು ಹೇಳಿದ್ದರಂತೆ.

“ರೊಟ್ಟಿ ಬೇಕಾದ್ರ ನೆನಸಿಕೊಂಡು ಉಣ್ತೀನ್ರಿ, ಅಕ್ಕಾರ. ಮಂತ್ರಕ್ಕೇನ್ ಮಾಡ್ಲಿ?” ಎಂದರು. ಈಗಲೇ ಅಕ್ಷರ ಜಾರುತ್ತಿವೆ, ಹಲ್ಲು ಹೋದರೆ ಪೂಜೆಯನ್ನು ತಮ್ಮನಿಗೆ ಒಪ್ಪಿಸುವುದೇ ಸರಿ ಎಂದು ನಿರ್ಧರಿಸಿಬಿಟ್ಟಿದ್ದರು.

ವಸಡು ರೋಗದಲ್ಲಿ ಹಲ್ಲಿಗೂ ವಸಡಿಗೂ ನಡುವಿನ ಸಂದು ಆಳವಾಗುತ್ತದೆ. ಅದನ್ನು ಪಾಕೆಟ್ ಎನ್ನುತ್ತೇವೆ. ಜೋಮು ಬರುವ ಚುಚ್ಚುಮದ್ದು ಕೊಟ್ಟು, ಬೇರಿನವರೆಗೂ ಕಿಟ್ಟ ಕೆರೆದು ತೆಗೆಯುವುದೇ ಡೀಪ್ ಕ್ಲೀನಿಂಗ್. ಅಯ್ನೋರಿಗೆ ಅದನ್ನು ಮಾಡಿ ಮೂರು ತಿಂಗಳಿಗೆ ನೋಡಿದರೆ ಉಳಿದೆಲ್ಲ ಕಡೆ ವಸಡು ಕೂಡಿಕೊಂಡಿತ್ತು. ಆ ಎರಡು ಹಲ್ಲಿನ ಪಾಕೆಟ್ ಮಾತ್ರ ಆರು ಮಿಲಿಮೀಟರಿಗೇ ನಿಂತು, ಮುಟ್ಟಿದರೆ ರಕ್ತ ಜಿನುಗುತ್ತಿತ್ತು. ಅಂಥಲ್ಲಿ ಮತ್ತೊಮ್ಮೆ ಕ್ಲೀನಿಂಗ್ ಮಾಡಿ, ಒಳಗೆ ಮದ್ದಿನ ಚಿಪ್ ಇಡುವುದುಂಟು. ಉಗುರಿಗಿಂತ ಚಿಕ್ಕ ಚೂರು. ಕರಗುತ್ತ ಕರಗುತ್ತ ಕ್ರಿಮಿನಾಶಕ ಬಿಡುತ್ತದೆ.

ನನ್ನಲ್ಲಿದ್ದ ಚಿಪ್‌ನಲ್ಲಿ ಮದ್ದನ್ನು ಹಿಡಿದಿಡುವ ಕೊಲಾಜೆನ್ ಎಂಬ ಪ್ರೋಟೀನ್ ಮೀನಿನದು. ಯಾರು ಕೇಳುತ್ತಾರೆ, ಹೇಗೂ ಕರಗಿ ಹೋಗುತ್ತದಲ್ಲ ಎಂದು ನರ್ಸ್ ಪಿಸುಗುಟ್ಟಿದಳು. ಅಯ್ನೋರು ಬಾಯಿ ತೆರೆದು, ಕಣ್ಣು ಮುಚ್ಚಿ ಮಲಗಿದ್ದರು. ನನಗೆ ಮನಸ್ಸು ಬರಲಿಲ್ಲ. ಕುರ್ಚಿ ನೆಟ್ಟಗೆ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇಡದಿದ್ದರೆ ಹಲ್ಲು ಉಳಿಯುವ ಭರವಸೆ ಕಡಿಮೆ, ಇಟ್ಟರೂ ಖಾತ್ರಿಯಿಲ್ಲ ಎಂದೂ ಹೇಳಿದೆ.

ಅಯ್ನೋರು ತಲೆಯಾಡಿಸಿದರು. “ಮಂತ್ರ ಉಳಿಸ್ಕೊಳ್ಳಾಕ ಬಂದೀನ್ರಿ. ಅದನ್ನ ಬಾಯಾಗ ಇಟ್ಕೊಂಡು ಹೆಂಗ ಹೇಳ್ಲಿ? ಬ್ಯಾಡ್ರಿ, ಹಲ್ಲು ಹೋದ್ರ ಹೋಗ್ಲಿ.”

ಅವರಿಗೆ ಸಿಟ್ಟಿರಲಿಲ್ಲ. ನನಗೇ ಆ ಚಿಪ್ ಮಾಡಿದವರ ಮೇಲೆ ಸುಮ್ಮಸುಮ್ಮನೆ ಸಿಟ್ಟು ಬಂತು. ಗೊತ್ತಿದ್ದವರಿಗೆಲ್ಲ ಫೋನ್ ಹಚ್ಚಿದೆ. ಕಾಲೇಜಿನಲ್ಲಿ ಜೊತೆಗೆ ಓದಿದ ಹುಬ್ಬಳ್ಳಿಯ ಗೆಳತಿ, ಪ್ರಾಣಿಮೂಲದ್ದೇನೂ ಇಲ್ಲದ ಆಂಟಿಬಯಾಟಿಕ್ ಜೆಲ್ ಒಂದಿದೆ ಎಂದಳು. ತಯಾರಕರನ್ನು ಕೇಳಿ ಖಚಿತಪಡಿಸಿಕೊಂಡು ಕಳಿಸಿಯೂ ಕೊಟ್ಟಳು. ಅವಳ ಉಪಕಾರ ನಾನು ಮರೆತಿಲ್ಲ.

ಮತ್ತೆ ಕ್ಲೀನಿಂಗ್ ಮಾಡಿ, ಮೊಂಡು ಸೂಜಿಯಿಂದ ಪಾಕೆಟ್‌ಗೆ ಜೆಲ್ ತುಂಬಿದೆ. ಆ ವಾರ ಕಡಕ್ ರೊಟ್ಟಿ ಬೇಡ, ಆ ಹಲ್ಲುಗಳಿಗೆ ಬ್ರಷ್ ತಾಗಿಸಬೇಡಿ ಎಂದೆ. ಆಮೇಲೆ ಸಂದಿನ ಸಣ್ಣ ಬ್ರಷ್ ಬಳಸಲು ಕಲಿಸಿದೆ. ಅದನ್ನೂ ಪೂಜೆಯಷ್ಟೇ ನೇಮದಿಂದ ನಡೆಸಿದರು. ಮುಂದಿನ ತಪಾಸಣೆಯಲ್ಲಿ ಪಾಕೆಟ್ ನಾಲ್ಕಕ್ಕೆ ಇಳಿದಿತ್ತು, ರಕ್ತ ನಿಂತಿತ್ತು, ಹಲ್ಲು ಬಿಗಿಯಾಗಿದ್ದವು. ಪೂಜೆ ತಮ್ಮನ ಕೈಗೆ ಹೋಗಲಿಲ್ಲ. ಅದರಲ್ಲಿ ಜೆಲ್‌ನ ಪಾಲೆಷ್ಟು ಎಂದು ಇಂದಿಗೂ ಹೇಳಲಾರೆ. ಇಂಥ ಮದ್ದು ಒಂದು ಆಸರೆ ಅಷ್ಟೇ. ಹೆಚ್ಚಿನ ಕೆಲಸ ಕ್ಲೀನಿಂಗ್‌ನದು, ರೋಗಿಯ ಕೈಯದು.

ಕಳೆದ ಶ್ರಾವಣದಲ್ಲಿ ಅಯ್ನೋರು ಹೆಂಡತಿಯನ್ನು ಕರೆತಂದರು. ಅವರಿಗೂ ಅದೇ ತೊಂದರೆ. ಯಾವ ಮದ್ದು, ಅದರಲ್ಲೇನಿದೆ ಎಂದು ವಿವರಿಸಲು ಹೊರಟೆ. ಅಯ್ನೋರು ಹೆಂಡತಿಗೆ ಬಾಯಿ ತೆರೆಯಲು ಸನ್ನೆ ಮಾಡಿ, ನನ್ನ ಕಡೆ ತಿರುಗಿದರು.

“ನಮಗ ಬ್ಯಾಡಾದ್ದಿದ್ರ ನೀವ ಹೇಳ್ತೀರಿ, ಅಕ್ಕಾರ. ಹಾಕ್ರಿ.”

ಕಣ್ಣು ತುಂಬಿ ಬಂತು. ಆದರೂ ಎಲ್ಲವನ್ನೂ ಬಿಡಿಸಿ ಹೇಳಿಯೇ ಕೈಗೆ ಸಿರಿಂಜ್ ತೆಗೆದುಕೊಂಡೆ. ಕೇಳುವವರಿಗಿಂತ, ನಂಬಿ ಕೇಳದೆ ಇರುವವರಿಗೇ ಹೆಚ್ಚು ಹೇಳಬೇಕು. ಇದನ್ನು ಈ ವೃತ್ತಿ ನನಗೆ ಅಯ್ನೋರ ಬಾಯಿಂದ ಕಲಿಸಿತು.